ಕೆಂಪಿಗೆ ಹೇಳುತ್ತಿದ್ದ ಮಾತು

ಮಾವನೂ ನಾನೂ ಆರು ವರ್ಷ ಒಂದೇ ಸೂರಿನಡಿ ಇದ್ದೆವು. ಅಷ್ಟೂ ಕಾಲ ಅವರು ನನ್ನೊಂದಿಗೆ ನೇರವಾಗಿ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ಜಗಳವಿತ್ತೇ ಎಂದು ಕೇಳಬೇಡಿ. ಜಗಳವಿದ್ದಿದ್ದರೆ ನಾಲ್ಕು ಮಾತಾದರೂ ಆಗುತ್ತಿದ್ದವು.

ಅದು ಆ ಮನೆಯ ರಿವಾಜು. ಸೊಸೆಯಾದವಳು ಮಾವನ ಎದುರು ನಿಲ್ಲಬಾರದು, ಮುಖವೆತ್ತಿ ನೋಡಬಾರದು, ಮಾತಂತೂ ಆಡಲೇಬಾರದು. ತೊಂಬತ್ತರ ದಶಕದ ನಡುವೆ ತುರುವನೂರಿನಿಂದ ಮಾಡದಕೆರೆ ಹತ್ತಿರದ ಒಂದು ಹಳ್ಳಿಗೆ ನನ್ನನ್ನು ಕೊಟ್ಟಾಗ ಅವ್ವ ಇದನ್ನೇ ಬುತ್ತಿಯ ಹಾಗೆ ಕಟ್ಟಿ ಕಳಿಸಿದಳು. "ಮಾವ ಪಡಸಾಲೇಲಿ ಇದ್ರೆ ಕಂಬದ ಮರೆಗೆ ನಿಂತ್ಕ. ತಲೆ ಮೇಲಿನ ಸೆರಗು ಜಾರಬಾರ್ದು. ನಿನ್ನ ಬಾಯಿ ನಂಗೊತ್ತೈತೆ, ಹುಷಾರು" ಎಂದಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡವಳು ನಾನು. ಬಾಯಿ ಜೋರು ಎಂದು ಓಣಿಯಲ್ಲೆಲ್ಲ ಹೆಸರು ಮಾಡಿದ್ದೆ. ಅಂಥವಳು ಕೆಲವೇ ತಿಂಗಳಲ್ಲಿ ಕಂಬದ ಮರೆಗೆ ಒಗ್ಗಿಹೋದೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಅತ್ತೆ ತಮ್ಮ ಕಾಲದಲ್ಲಿ ತಾವು ಎಲ್ಲಿ ನಿಲ್ಲುತ್ತಿದ್ದರೆಂದು ತೋರಿಸಿದರು, ಪಕ್ಕದ ಮನೆಯ ಸೊಸೆ ಹೇಗೆ ದನಿ ತಗ್ಗಿಸುತ್ತಾಳೆಂದು ನಾನೇ ನೋಡಿದೆ. ನೋಡಿ ನೋಡಿ ಅದು ಮೈಗೆ ಬಂದುಬಿಟ್ಟಿತು.

ಅತ್ತೆ ಇರುವತನಕ ನಡೆಯಿತು. ನನ್ನ ಮಾತನ್ನು ಮಾವನಿಗೆ, ಮಾವನ ಮಾತನ್ನು ನನಗೆ ದಾಟಿಸುತ್ತಿದ್ದರು. ಮದುವೆಯಾಗಿ ಎರಡನೆಯ ವರ್ಷ ಅತ್ತೆ ತೀರಿಕೊಂಡರು. ಗಂಡನಿಗೆ ಹಿರಿಯೂರಿನಲ್ಲಿ ಕೆಲಸ. ಶನಿವಾರ ಸಂಜೆ ಬಂದರೆ ಸೋಮವಾರ ನಸುಕಿಗೆ ಹೊರಟುಬಿಡುತ್ತಿದ್ದರು. ಮಗುವಿದ್ದರೆ ಅದರ ಬಾಯಲ್ಲಾದರೂ ಹೇಳಿಸಬಹುದಿತ್ತು, ನಮಗಿನ್ನೂ ಮಕ್ಕಳಾಗಿರಲಿಲ್ಲ. ಅತ್ತೆಯ ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ತಲೆ ತಗ್ಗಿಸಿ ಉಣ್ಣುತ್ತಿದ್ದರೆ "ಇನ್ನೊಂದು ತುತ್ತು ಉಣ್ರಿ" ಅನ್ನಲೂ ನನಗೆ ಬಾಯಿರಲಿಲ್ಲ.

ದಾರಿ ತೋರಿಸಿದವರು ಮಾವನೇ. ನಮ್ಮದು ಮಣ್ಣಿನ ಚಾವಣಿಯ ಮಾಳಿಗೆ ಮನೆ. ಬಾಗಿಲು ದಾಟಿದರೆ ಬಲಕ್ಕೆ ದನ ಕಟ್ಟುವ ಅಂಕಣ, ಎಡಕ್ಕೆ ಪಡಸಾಲೆ, ಹಿಂದೆ ಅಡುಗೆಮನೆ. ಅಂಕಣದಲ್ಲಿ ಕೆಂಪಿ ಎಂಬ ಹಸು ಇತ್ತು. ಒಂದು ಬೆಳಿಗ್ಗೆ ಅವರು ಅದರ ಬೆನ್ನು ಸವರುತ್ತ, "ಕೆಂಪೀ, ಮಜ್ಜಿಗೆ ಹುಳಿ ಬಂದೈತೆ ಕಣೇ" ಎಂದರು. ಹಸುವಿಗೆ ಮಜ್ಜಿಗೆಯ ಗೊಡವೆ ಏನು? ನಾನು ಕಂಬದ ಮರೆಯಲ್ಲೇ ನಿಂತು, "ಕೆಂಪೀ, ಮಧ್ಯಾಹ್ನಕ್ಕೆ ಹೊಸಾದು ಕಡೀತೀನಿ ಅಂತ ಹೇಳೇ" ಎಂದೆ. ಹಾಗೆ ಶುರುವಾಯಿತು. ಬಿಸಿನೀರು, ಮುದ್ದೆ, ಸಂತೆ, ಹೊಲದ ಸುದ್ದಿ, ಎಲ್ಲವೂ ಕೆಂಪಿಯ ಕಿವಿಗೇ.

ಆಮೇಲಾಮೇಲೆ ಕೊಂಕೂ ಬಂತು. "ಕೆಂಪೀ, ಇಂಥ ಬಿಸ್ಲಾಗೆ ಹೊಲಕ್ಕೆ ಹೋಗೋರಿಗೆ ಬುದ್ಧಿ ಹೇಳು" ಎಂದು ನಾನಂದರೆ, "ಕೆಂಪೀ, ಸಾರಿಗೆ ಉಪ್ಪು ಹಾಕಾದು ಮರೆಯೋರೂ ಬುದ್ಧಿ ಹೇಳಾಕೆ ಬತ್ತಾರೆ ನೋಡು" ಎಂದು ಅಲ್ಲಿಂದ ಬರುತ್ತಿತ್ತು. ನಾನು ಸೆರಗು ಬಾಯಿಗೊತ್ತಿ ನಗುತ್ತಿದ್ದೆ. ಆ ಕಡೆ ಅವರೂ ನಗುತ್ತಿದ್ದರೋ ಏನೋ, ನೋಡಿದ್ದರೆ ತಾನೆ ಗೊತ್ತಾಗುವುದು.

ಹೊಸದುರ್ಗದ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯ ಕೆಲಸವಿದೆ ಎಂದು ಗೊತ್ತಾದಾಗ ಕೇಳುವುದು ಹೇಗೆಂದು ನಾನು ಒದ್ದಾಡಿದೆ. ಗಂಡ, "ಅಪ್ಪ ಏನಂತಾನೋ" ಎಂದು ಜಾರಿಕೊಂಡರು. ಮಾವನ ಕಿವಿಗೆ ಅದು ಹೇಗೆ ಬಿತ್ತೋ ಕಾಣೆ. ಮಾರನೆಯ ದಿನ ಹುಲ್ಲು ಹಾಕುತ್ತ, "ಕೆಂಪೀ, ಓದಿದೋರು ಮನೇಲಿ ಕುಂತ್ರೆ ಓದು ತುಕ್ಕು ಹಿಡೀತೈತೆ. ಬಸ್ಸು ಎಂಟಕ್ಕೆ ಬತ್ತೈತೆ. ತಡ ಮಾಡಿದ್ರೆ ನಿಲ್ಲಾದಿಲ್ಲ" ಎಂದರು. ಅಡುಗೆಮನೆಯಲ್ಲಿ ಕುಳಿತು ನಾನು ಅತ್ತುಬಿಟ್ಟೆ. ಸ್ವಂತ ಅಪ್ಪನೂ ನನಗೆ ಇಷ್ಟು ಸಲೀಸಾಗಿ ಹೂಂ ಅಂದವರಲ್ಲ. ಅಂದಿನಿಂದ ದಿನಾ ಬೆಳಿಗ್ಗೆ, "ಕೆಂಪೀ, ಬಸ್ಸು" ಎಂದು ಒಂದು ಕೂಗು ಬೀಳುತ್ತಿತ್ತು. ನಾನು ಬ್ಯಾಗು ಹಿಡಿದು ಓಡುತ್ತಿದ್ದೆ.

ಕಾಲೇಜಿನಲ್ಲಿ ನಾನು ಏನು ಪಾಠ ಮಾಡುತ್ತಿದ್ದೆ ಗೊತ್ತೇ? ಕುಟುಂಬವೆಂಬುದು ಪ್ರಾಥಮಿಕ ಗುಂಪು, ಅದರ ಮೊದಲ ಲಕ್ಷಣ ಮುಖಾಮುಖಿ ಸಂಬಂಧ! ದೊಡ್ಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದು ಕೈಯ ಸೀಮೆಸುಣ್ಣ ಕೊಡವಿ, ಸಂಜೆ ಮನೆಗೆ ಬಂದು ಕಂಬದ ಮರೆಯಲ್ಲಿ ನಿಂತು ಹಸುವಿನ ಜೊತೆ ಮಾತಾಡುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಸಾಮಾಜೀಕರಣ ಎಂದರೆ ಏನೆಂದು ಹುಡುಗಿಯರು ಕೇಳಿದರೆ ಸಮಾಜದ ರೀತಿರಿವಾಜು ಮೈಗೂಡಿಸಿಕೊಳ್ಳುವುದು ಎಂದು ಪುಸ್ತಕದಲ್ಲಿದ್ದುದನ್ನು ಹೇಳುತ್ತಿದ್ದೆ. ಅದು ನಿಜವಾಗಿ ಏನೆಂದು ನನಗೆ ತಿಳಿದದ್ದು ಮಾವನಿಗೆ ಲಕ್ವ ಹೊಡೆದಾಗ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಕುಸಿದರು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತುಹೋಯಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಮನೆಗೆ ಕರೆತರುವಾಗ ಡಾಕ್ಟರು ಹೇಳಿದರು: "ಬುದ್ಧಿ ನೆಟ್ಟಗೈತೆ, ಮಾತು ಮಾತ್ರ ಹೊರಗೆ ಬರ್ತಿಲ್ಲ. ಎದುರಿಗೆ ಕುಂತು, ಮುಖ ನೋಡ್ಕಂಡು ದಿನಾ ಮಾತಾಡಿಸ್ಬೇಕ್ರಿ. ಈಗ ಬಂದ್ರೆ ಬಂತು. ಬಿಟ್ರೆ ಆಮೇಲೆ ಕಷ್ಟ. ಮನೇಲಿ ಇವರ ಜೊತೆ ಜಾಸ್ತಿ ಮಾತಾಡೋರು ಯಾರು?" ಗಂಡ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಕಾಲೇಜು ಬಿಟ್ಟು ಮನೆಯಲ್ಲಿ ಉಳಿದೆ. ಅರೆಕಾಲಿಕದವರಿಗೆ ರಜೆ ಎಂಬುದಿಲ್ಲ. ಬಹಳ ದಿನ ಕಾಯಲಾಗದು ಎಂದು ಪ್ರಾಂಶುಪಾಲರು ಹೇಳಿಕಳಿಸಿದ್ದರು. ಮಾವನ ಅಕ್ಕ, ನಾವೆಲ್ಲ ದೊಡ್ಡತ್ತೆ ಎನ್ನುವವರು, ಭರಮಸಾಗರದಿಂದ ಬಂದು ನಿಂತರು. ಪಾಪ, ಅವರು ತಮ್ಮನನ್ನು ಮಾತಾಡಿಸಲು ಕುಳಿತರೆ ಅಳುತ್ತಿದ್ದರು. ಅವರು ಅತ್ತರೆ ಮಾವನೂ ಅಳುತ್ತಿದ್ದರು. ಉಳಿದವಳು ನಾನು.

ಮೊದಲು ಕಂಬದ ಮರೆಯಿಂದಲೇ ಗಟ್ಟಿಯಾಗಿ ಕೆಂಪಿಯೊಡನೆ ಮಾತಾಡಿದೆ. ಮಾವ ಸೂರು ನೋಡುತ್ತ ಮಲಗಿರುತ್ತಿದ್ದರು. ಮುಖ ನೋಡಿ ಮಾತಾಡಿಸಬೇಕೆಂದು ಡಾಕ್ಟರು ಹೇಳಿದ್ದಾರಲ್ಲ, ಆದದ್ದಾಗಲಿ ಎಂದು ಒಂದು ದಿನ ಹೋಗಿ ಎದುರಿಗೆ ಕುಳಿತೆ. ತುಂಬಿದ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವವಳಿಗೆ "ಮಾವ" ಎಂಬ ಎರಡಕ್ಷರ ಗಂಟಲು ದಾಟಲಿಲ್ಲ. ಕೈ ತಾನಾಗಿ ಸೆರಗೆಳೆದುಕೊಂಡಿತು. ಅತ್ತ ಮಾವ ಕಷ್ಟಪಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಸಿಟ್ಟಿನಿಂದಲ್ಲ. ಸೊಸೆಯ ಮುಖ ನೋಡಬಾರದೆಂದು ಅವರಿಗೂ ಯಾರೋ ಕಲಿಸಿದ್ದರಲ್ಲ! ಮೈಯ ಅರ್ಧ ಸತ್ತುಹೋದರೂ ಆ ಕಲಿಕೆ ಸತ್ತಿರಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆಂದು ಹೇಳಲಿ? ಅವ್ವನ ಮೇಲೇ, ಅತ್ತೆಯ ಮೇಲೇ, ಸುಮ್ಮನೆ ಕಲಿತುಬಿಟ್ಟ ನನ್ನ ಮೇಲೇ?

ದೊಡ್ಡತ್ತೆ ನೋಡಿಬಿಟ್ಟರು. "ಏನವ್ವ ಇದು? ಹಾಸಿಗೆ ಹಿಡಿದವ್ನೆ ಅಂತ ಮಾವನ ಎದುರಿಗೆ ಕುಂತ್ಕಂತೀಯಾ? ಕೊನೇಗಾಲದಾಗೆ ಮರ್ಯಾದೆ ಕಳೀಬ್ಯಾಡ ತಾಯಿ, ಏಳು" ಎಂದರು. ಎದ್ದೆ. ಅವರ ಮಾತಿಗೆ ಹೆದರಿ ಎದ್ದೆನೋ, ಏಳಲು ಒಂದು ನೆಪ ಸಿಕ್ಕಿತೆಂದು ಎದ್ದೆನೋ, ನನಗೇ ಗೊತ್ತಿಲ್ಲ.

ಹಾಗೇ ದಿನಗಳು ಕಳೆದವು. ಒಂದು ಸೋಮವಾರ ಗಂಡ ರಜೆ ಹಾಕಿ ಮನೆಯಲ್ಲೇ ಇದ್ದರು. ಬೆಳಿಗ್ಗೆ ನಾನು ಒಲೆಯ ಮುಂದಿದ್ದಾಗ ಪಡಸಾಲೆಯಿಂದ ಏನೋ ಸದ್ದು ಬಂತು. ಮತ್ತೆ ಬಂತು. ಒಡೆದ ದನಿ, ಆದರೆ ಮಾತೇ ಅದು.

"ಕೆಂಪೀ."

"ಅಯ್ಯೋ, ಮಾತು ಬಂತು! ಹಸೂನ ಕೇಳ್ತಾವ್ನೆ, ಹಿಡ್ಕಂಬರ್ರೋ!" ಎಂದು ದೊಡ್ಡತ್ತೆ ಕೂಗಿದರು. ಗಂಡ ಓಡಿಹೋಗಿ ಹಗ್ಗ ಬಿಚ್ಚಿ, ಕೆಂಪಿಯನ್ನು ಪಡಸಾಲೆಗೇ ಹತ್ತಿಸಿ ಹಾಸಿಗೆಯ ಪಕ್ಕ ನಿಲ್ಲಿಸಿದರು. ಅದು ಮಾವನ ಕೈ ಮೂಸಿತು. ಮಾವ ಅದನ್ನು ನೋಡಲಿಲ್ಲ. ತಲೆಯನ್ನು ಅತ್ತಿತ್ತ ಹೊರಳಿಸಿದರು, ಕಣ್ಣಲ್ಲಿ ನೀರು ಬಂತು.

"ಕೆಂಪೀ."

"ಇಲ್ಲೇ ಐತಲ್ಲಪ್ಪ, ನೋಡು" ಎಂದರು ಗಂಡ. ಮಾವನ ಕಣ್ಣು ಮಾತ್ರ ಹಸುವನ್ನು ದಾಟಿ ಅಡುಗೆಮನೆಯ ಪಕ್ಕದ ಕಂಬದ ಮೇಲಿತ್ತು. ಆ ಕಂಬದ ಹಿಂದೆ ನಾನು ನಿಂತಿದ್ದೆ. ಆಗ ನನಗೆ ಹೊಳೆಯಿತು. ನನ್ನ ಹೆಸರನ್ನು ಅವರು ಎಂದೂ ಕರೆದಿರಲಿಲ್ಲ. ಇಷ್ಟು ವರ್ಷ ನನಗೆ ಆಡಿದ ಮಾತೆಲ್ಲ ಶುರುವಾಗುತ್ತಿದ್ದದ್ದು ಆ ಒಂದು ಕರೆಯಿಂದ. ಕಂಬ ಬಿಟ್ಟು ಬಂದು, ದೊಡ್ಡತ್ತೆ ನೋಡುತ್ತಿದ್ದಂತೆಯೇ ಎದುರಿಗೆ ಕುಳಿತೆ.

"ಏನು ಮಾವ?" ಎಂದೆ.

ಅವರು ಗೋಡೆಯ ಕಡೆ ತಿರುಗಲಿಲ್ಲ. ಅವರ ಕಣ್ಣು ಕಂದು ಬಣ್ಣದ್ದೆಂದು ನನಗೆ ಗೊತ್ತಾದದ್ದು ಅವತ್ತೇ. ತುಟಿ ಬಹಳ ಹೊತ್ತು ಒದ್ದಾಡಿತು.

"ಬ... ಬಸ್ಸು."

"ಎಲ್ಲಿಗಪ್ಪಾ, ಆಸ್ಪತ್ರೆಗಾ? ಹೋಗಾಣ ಬಿಡು, ಕಾರೇ ತರಿಸ್ತೀನಿ" ಎಂದರು ಗಂಡ. ದೊಡ್ಡತ್ತೆ, "ಊರಿಗೆ ಹೋಗ್ಬೇಕಂತಾನೇನೋ" ಎಂದರು. ನಾನು ಗೋಡೆಯ ಗಡಿಯಾರ ನೋಡಿದೆ. ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

"ಹೋಗ್ತೀನಿ ಮಾವ. ನಾಳೆಯಿಂದ ಹೋಗ್ತೀನಿ. ಬೆಳಿಗ್ಗೆ ನೀವು ಕೂಗ್ಬೇಕು, ಕೂಗಿದ್ರೇನೇ ಹೋಗಾದು" ಎಂದೆ.

ಮಾರನೆಯ ಬೆಳಿಗ್ಗೆ ಬ್ಯಾಗು ಹಿಡಿದು ಅವರ ಎದುರಿಗೇ ನಿಂತು ಕಾದೆ. ಕೂಗಿದರು.