ಟೀವಿ ಆಚೆ ಮನೆಗೆ, ಗೇಮಿನ ಡಬ್ಬಿ ಈಚೆ ಮನೆಗೆ

ಹುಕ್ಕೇರಿಯ ನಮ್ಮ ಮನೆ ಎರಡಾದ ದಿನ ಹಿರಿಯರು ಬೀಸುವ ಕಲ್ಲಿನ ಜೋಡಿಯನ್ನು ಒಡೆಯಲಿಲ್ಲ. ಮೇಲಿನದನ್ನು ಒಬ್ಬರಿಗೆ, ಕೆಳಗಿನದನ್ನು ಇನ್ನೊಬ್ಬರಿಗೆ ಕೊಟ್ಟರೆ ಎರಡೂ ಬರೀ ಕಲ್ಲು ಎಂಬುದು ಅವರಿಗೆ ಗೊತ್ತಿತ್ತು. ಆ ಕಲ್ಲಿನಲ್ಲಿ ಯಾರೂ ಒಂದು ಹಿಡಿ ಜೋಳ ಬೀಸದೆ ಎಷ್ಟು ವರ್ಷವಾಗಿತ್ತೋ, ಆ ಮಾತು ಬೇರೆ. ಆದರೆ ಟೀವಿಯನ್ನು ನನ್ನ ಗಂಡನ ಅಣ್ಣನ ಪಾಲಿಗೂ, ಅದಕ್ಕೆ ಹಚ್ಚಿ ಆಡುವ ಗೇಮಿನ ಡಬ್ಬಿಯನ್ನು ನಮ್ಮ ಪಾಲಿಗೂ ಹಾಕಿದರು.

“ಅವರಿಗೆ ಒಂದ ಕರೆಂಟಿನ ಸಾಮಾನ ಹೋತು, ಇವರಿಗೂ ಒಂದ ಬರ್ಲಿ” ಎಂದು ಗಂಡನ ಸೋದರಮಾವ ತೀರ್ಪು ಕೊಟ್ಟರು. ಜಮಖಾನದ ಮೇಲೆ ಕೂತವರೆಲ್ಲ ಹೌದು ಹೌದು ಎಂದರು.

ಆ ಡಬ್ಬಿ ಟೀವಿ ಇಲ್ಲದೆ ನಡೆಯುವ ಸಾಮಾನಲ್ಲ ಎಂದು ಅಷ್ಟು ಜನರಲ್ಲಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಾನು ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಬೆಳಗಿನಿಂದ ಪಾತ್ರೆ, ಹಾಸಿಗೆ, ಕೊಡ ಎಣಿಸುವುದನ್ನು ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು. “ಟೀವಿ ಅವರ ಇಟ್ಕೊಳ್ಳಲ್ರಿ. ನಮಗ ಯಾರ ಹಂಗೂ ಬ್ಯಾಡ” ಎಂದುಬಿಟ್ಟೆ. ಅಕ್ಕ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ತವರು ಕಣಗಲಾದಲ್ಲಿ ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಕೇಳಿದವರು ಯಾರು!

ಆ ಡಬ್ಬಿ ನಮ್ಮ ಮನೆಗೆ ಬಂದದ್ದು ಕೊಲ್ಹಾಪುರದ ನಾದಿನಿಯಿಂದ. ತನ್ನ ಮಕ್ಕಳಿಗೆ ಹೊಸದು ಕೊಂಡಾಗ ಹಳೆಯದನ್ನು ಇಲ್ಲಿ ಬಿಟ್ಟುಹೋಗಿದ್ದಳು. ನಮ್ಮ ಮಕ್ಕಳು ಮೊಬೈಲಿನವರು, ನಾಲ್ಕು ದಿನ ಆಡಿ ಕೈಬಿಟ್ಟರು. ಆಮೇಲೆ ಅದನ್ನು ಹಿಡಿದವರು ನಾವಿಬ್ಬರು ಸೊಸೆಯಂದಿರು. ಹೊಲಕ್ಕೆ ಬುತ್ತಿ ಕಳಿಸಿ, ಪಾತ್ರೆ ತೊಳೆದು, ಮಧ್ಯಾಹ್ನ ಎರಡಕ್ಕೆ ಚಾಪೆ ಹಾಸಿ ಕೂತರೆ ಮಕ್ಕಳು ಸಾಲಿಯಿಂದ ಬರುವವರೆಗೆ ಕಾರು ಓಡಿಸುವುದೇ ಓಡಿಸುವುದು.

ಅಕ್ಕ ಮೇಲವಂಕಿ ಹಳ್ಳಿಯವಳು. ಸ್ಕೂಟಿಯ ಹ್ಯಾಂಡಲ್ ಕೂಡ ಮುಟ್ಟಿದವಳಲ್ಲ. ಆದರೆ ಟೀವಿಯೊಳಗೆ ಅವಳ ಕೆಂಪು ಕಾರನ್ನು ಹಿಡಿಯುವವರಿರಲಿಲ್ಲ. ತಿರುವು ಬಂದಾಗ ಮೈಯನ್ನೇ ವಾಲಿಸುತ್ತಿದ್ದಳು. ಬ್ರೇಕು ಹಾಕಬೇಕಾದರೆ ಗುಂಡಿ ಒತ್ತುವುದರ ಜೊತೆಗೆ ಎತ್ತಿನ ಹಗ್ಗ ಜಗ್ಗಿದ ಹಾಗೆ ಗೇಮಿನ ರಿಮೋಟನ್ನು ಎದೆಗೆ ಎಳೆದುಕೊಳ್ಳುತ್ತಿದ್ದಳು. “ಸರೀ ಅತ್ಲಾಗ! ನಿಮ್ಮಪ್ಪನ ರಸ್ತೇ ಏನ?” ಎಂದು ಅವಳು ಒದರಿದರೆ ಅತ್ತೆ ಬದುಕಿದ್ದಾಗ ದೇವರ ಕೋಣೆಯಿಂದ ಕೆಮ್ಮುತ್ತಿದ್ದರು. ನನ್ನ ಕಾರು ರಸ್ತೆ ಬಿಟ್ಟು ಇಳಿಯಿತೆಂದರೆ ಅವಳಿಗೆ ಹಬ್ಬ. “ಗೋಕಾಕದಾಗ ಕಂಪ್ಯೂಟರ ಕಲಿಸಿದಾಕಿ ಅಂತ! ಗಾಡಿ ನೋಡಿದ್ರ ದಿನಾ ಗಟಾರದಾಗ.” ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಂಥ ಸುಖ ಆ ಮನೆಯಲ್ಲಿ ನನಗೆ ಬೇರೆ ಯಾವುದರಲ್ಲೂ ಸಿಗಲಿಲ್ಲ.

ಅಣ್ಣತಮ್ಮಂದಿರು ಹೆದ್ದಾರಿ ಬದಿಯ ತುಂಡು ಹೊಲ ಮಾರಬೇಕೋ ಬೇಡವೋ ಎಂದು ಕಾದಾಡಿ ಬೇರೆಯಾದರು. ಆ ಹೊಲದಲ್ಲಿ ನಾನಾಗಲಿ ಅಕ್ಕನಾಗಲಿ ಒಂದು ಕಡ್ಡಿ ಕಿತ್ತವರಲ್ಲ. ಆದರೂ ಪಡಸಾಲೆಯ ನಡುವೆ ಇಟ್ಟಂಗಿಯ ಗೋಡೆ ಎದ್ದಿತು, ನಡುವಿನ ಬಾಗಿಲು ಮುಚ್ಚಿಹೋಯಿತು. ಅವಳ ಮನೆಗೆ ಹೋಗಬೇಕಾದರೆ ಈಗ ಬೀದಿಗಿಳಿದು, ಎಲ್ಲರ ಕಣ್ಣೆದುರು ಆಚೆಯ ಮೆಟ್ಟಿಲು ಹತ್ತಬೇಕು. ಗಂಡಸರಿಬ್ಬರೂ ಎದುರಾದರೆ ಮುಖ ತಿರುಗಿಸುತ್ತಿದ್ದರು. ನಾವು ತಿರುಗಿಸಲಿಲ್ಲ, ಆದರೆ ಮಾತೂ ಆಡಲಿಲ್ಲ. ನೀರು ಬಂದಾಗ ನಳದ ಹತ್ತಿರ ನನ್ನ ಕೊಡ ತುಂಬಿದ್ದರೆ ಅವಳು ಸುಮ್ಮನೆ ಅದನ್ನು ಬಾಜೂ ಸರಿಸಿಡುತ್ತಿದ್ದಳು, ಅಷ್ಟೆ.

ನನ್ನದೊಂದು ಹಳೆಯ ಕಂಪ್ಯೂಟರಿತ್ತು. ಗೋಕಾಕದಲ್ಲಿ ನಾನು ಕಲಿಸುತ್ತಿದ್ದ ತರಗತಿ ಮುಚ್ಚಿದಾಗ ಸಿಕ್ಕಿದ್ದು. ಅದರ ಮಾನಿಟರಿಗೆ ಡಬ್ಬಿಯನ್ನು ಹಚ್ಚಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಯಾರಿಗಾಗಿ ಆ ಹಟ ಎಂದು ಆಗ ಕೇಳಿದ್ದರೆ ನನಗಾಗಿ ಎನ್ನುತ್ತಿದ್ದೆ. ಅದು ಸುಳ್ಳು. ನಿನ್ನ ಟೀವಿ ಇಲ್ಲದೆಯೂ ನಡೆಯುತ್ತದೆ ಎಂದು ಅಕ್ಕನಿಗೆ ತೋರಿಸಬೇಕಿತ್ತು.

ಡಬ್ಬಿಯ ವಾಯರಿನ ತುದಿ ಚಪ್ಪಟೆ. ಮಾನಿಟರಿನದು ಹಳೆಯ ಕಾಲದ್ದು, ನೀಲಿ ಬಣ್ಣದ, ಎರಡೂ ಬದಿಗೆ ತಿರುಪು ಇರುವ ತುದಿ. ನಡುವೆ ಒಂದು ಕನ್ವರ್ಟರ್ ಬೇಕು. ಬಸ್ಸು ಹತ್ತಿ ಸಂಕೇಶ್ವರಕ್ಕೆ ಹೋಗಿ, ಹೊಸ ವಾಯರಿನ ಜೊತೆ ಅದನ್ನೂ ತಂದೆ. ಮನೆಗೆ ಬಂದು ನೋಡಿದರೆ ಅದು ಉಲ್ಟಾ. ಕಂಪ್ಯೂಟರಿನ ಚಿತ್ರವನ್ನು ಟೀವಿಗೆ ಕಳಿಸುವಂಥದು, ಡಬ್ಬಿಯ ಚಿತ್ರವನ್ನು ಮಾನಿಟರಿಗೆ ತರುವಂಥದಲ್ಲ. ನೂರಾರು ಮಕ್ಕಳಿಗೆ ಕಂಪ್ಯೂಟರ್ ಕಲಿಸಿದವಳು ನಾನು! ಯಾರಿಗೂ ಹೇಳದೆ ಮರುದಿನ ಮತ್ತೆ ಬಸ್ಸು ಹತ್ತಿದೆ. ಅಂಗಡಿಯವನು ನಗಲಿಲ್ಲ. ನಕ್ಕಿದ್ದರೆ ಒಂದು ಮಾತು ಬೈದು ಹಗುರಾಗುತ್ತಿದ್ದೆ.

ಸರಿಯಾದ ಕನ್ವರ್ಟರ್ ಹಚ್ಚಿದಾಗ ಮಾನಿಟರಿನ ದೀಪವೇನೋ ಹಸಿರಾಯಿತು. ಪರದೆ ಮಾತ್ರ ಕಪ್ಪಗೇ ಇತ್ತು. ನಡುವೆ ಒಂದು ಸಣ್ಣ ಚೌಕ ಮೂಡಿ, ಬರುತ್ತಿರುವ ಚಿತ್ರ ತನ್ನ ಅಳತೆ ಮೀರಿದ್ದು ಎಂದು ಇಂಗ್ಲಿಷಿನಲ್ಲಿ ಹೇಳಿ ಆರಿಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂಗಡಿಯವನಿಗೆ ಫೋನು ಮಾಡಿದೆ.

“ಡಬ್ಬಿ ದೊಡ್ಡ ಟೀವಿ ಸೈಜಿಗೆ ಸೆಟ್ ಆಗೇತ್ರಿ ಅಕ್ಕಾರ. ಒಂದ ಸಲ ಟೀವಿಗೆ ಹಚ್ಚಿ, ಒಳಗ ಸೆಟ್ಟಿಂಗ್ ಸಣ್ಣದ ಮಾಡ್ರಿ. ಆಮ್ಯಾಲೆ ಮಾನಿಟರಿನಾಗ ಬರತೈತಿ.”

“ಟೀವಿ ಇಲ್ಲದ ಆಗಂಗಿಲ್ಲೇನ್ರಿ?”

“ಪಡದೇ ಮ್ಯಾಲೆ ಏನೂ ಕಾಣಲಾರದ ಸೆಟ್ಟಿಂಗ್ ಹೆಂಗ ಬದಲಿ ಮಾಡ್ತೀರಿ?”

ಓಣಿಯಲ್ಲಿ ಟೀವಿಗೇನು ಬರವಿರಲಿಲ್ಲ. ಯಾರ ಮನೆಗಾದರೂ ಹೋಗಬಹುದಿತ್ತು. ನಾಲ್ಕು ದಿನ ಹಾಗೆಂದುಕೊಂಡೇ ಇದ್ದು, ಐದನೆಯ ದಿನ ಮಧ್ಯಾಹ್ನ, ಗಂಡಸರು ಹೊಲದಲ್ಲಿರುವ ಹೊತ್ತು ನೋಡಿ, ಡಬ್ಬಿಯನ್ನು ಬಜಾರದ ಚೀಲದಲ್ಲಿಟ್ಟುಕೊಂಡು ಆಚೆಯ ಮೆಟ್ಟಿಲು ಹತ್ತಿದೆ. ಅವಳನ್ನು ನೋಡಬೇಕು ಅನಿಸಿತ್ತು. ಅಷ್ಟನ್ನು ನನಗೆ ನಾನೇ ಒಪ್ಪಿಕೊಳ್ಳಲಾಗದೆ ಸೆಟ್ಟಿಂಗಿನ ನೆವ ಹಿಡಿದಿದ್ದೆ.

ಅಕ್ಕ ಶೇಂಗಾ ಒಡೆಯುತ್ತ ಕೂತಿದ್ದಳು. ಟೀವಿ ಬಂದ್ ಆಗಿತ್ತು.

“ಬಾ” ಎಂದಳು. ಯಾಕೆ ಬಂದೆ ಎಂದು ಕೇಳಲಿಲ್ಲ.

“ಐದ ಮಿನಿಟ ಟೀವಿ ಬೇಕಾಗಿತ್ರಿ ಅಕ್ಕಾ.”

“ಹಚ್ಕೋ.”

ನನ್ನ ಹೊಸ ವಾಯರ್ ತೆಗೆದುಕೊಂಡು ಟೀವಿಯ ಹಿಂದೆ ಬಗ್ಗಿದೆ. ಅಲ್ಲಿ ಆಗಲೇ ಒಂದು ವಾಯರ್ ಇತ್ತು, ನಮ್ಮ ಹಳೆಯದು. ಒಂದು ತುದಿ ಟೀವಿಯಲ್ಲೇ ಸಿಕ್ಕಿಸಿದ್ದು ಹಾಗೇ ಇತ್ತು. ಇಳಿಬಿದ್ದ ಇನ್ನೊಂದು ತುದಿಗೆ ಪ್ಲಾಸ್ಟಿಕ್ ಚೀಲದ ತುಂಡು ಸುತ್ತಿ, ಹೊಲಿಗೆಯ ದಾರದಿಂದ ಮೂರು ಸುತ್ತು ಬಿಗಿದು ಗಂಟು ಹಾಕಿತ್ತು. ನಾನು ಅದನ್ನು ಕೈಯಲ್ಲಿ ಹಿಡಿದು ನಿಂತೆ.

“ಧೂಳ ಹೋಗತಿತ್ತ. ಅದಕ ಕಟ್ಟಿನಿ” ಎಂದಳು, ಶೇಂಗಾದಿಂದ ತಲೆ ಎತ್ತದೆ.

ಹಲ್ಲಿನಿಂದ ದಾರ ಹರಿದು, ಆ ಹಳೆಯ ವಾಯರನ್ನೇ ಡಬ್ಬಿಗೆ ಹಚ್ಚಿದೆ. ರಸ್ತೆ ಬಂತು, ಕೆಂಪು ಕಾರು ಬಂತು, ಶುರುವಾಗುವ ಮುಂಚಿನ ಆ ಹಾಡು ಬಂತು. ಶೇಂಗಾ ಒಡೆಯುವ ಸದ್ದು ನಿಂತಿತು. ತಿರುಗಿ ನೋಡಿದರೆ ಅಕ್ಕ ಸೀರೆಗೆ ಕೈ ಒರೆಸಿಕೊಂಡು, ಎರಡೂ ಕೈಗಳನ್ನು ತೊಡೆಯ ಮೇಲೆ ಅರ್ಧ ತೆರೆದಿಟ್ಟುಕೊಂಡು ಕೂತಿದ್ದಳು. ರಿಮೋಟುಗಳೆರಡೂ ನನ್ನ ಚೀಲದಲ್ಲೇ ಇದ್ದವು. ಒಂದನ್ನು ತೆಗೆದೆ. ಸೆಟ್ಟಿಂಗಿಗೆ ಹೋದೆ, ಚಿತ್ರದ ಅಳತೆ ಇಳಿಸಿದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಇಷ್ಟು ದಿನ ಒದ್ದಾಡಿದ ಕೆಲಸ ಎರಡು ನಿಮಿಷದಲ್ಲಿ ಮುಗಿದಿತ್ತು.

“ಆತೇನ?”

“ಆತ್ರಿ ಅಕ್ಕಾ. ಇನ್ನ ನಮ್ಮ ಮಾನಿಟರಿನಾಗ ಬರತೈತಿ.”

“ಅಂದ್ರ ಇನ್ನ ನಿನಗ ಈ ಟೀವಿ ಬೇಕಾಗಂಗಿಲ್ಲ.”

“ಬೇಕಾಗಂಗಿಲ್ರಿ” ಎಂದೆ, ಪರೀಕ್ಷೆಯಲ್ಲಿ ಸರಿಯುತ್ತರ ಹೇಳಿದವಳಂತೆ, ಹಿಗ್ಗಿನಿಂದ. ಹೇಳಿದ ಮೇಲೆ ಅವಳ ಮುಖ ನೋಡಿದೆ. ಮೊದಲು ನೋಡಬೇಕಿತ್ತು.

ಅಕ್ಕ ಎದ್ದಳು. ಟೀವಿಯ ಹಿಂದೆ ಕೈ ಹಾಕಿ ವಾಯರನ್ನು ಕಿತ್ತಳು. ಅಂಗೈಗೆ ಅಚ್ಚುಕಟ್ಟಾಗಿ ಸುತ್ತಿ ನನ್ನ ಚೀಲದಲ್ಲಿಟ್ಟಳು. “ಇದೂ ನಿಮ್ಮ ಪಾಲಿಂದ. ಇಲ್ಲೇ ಉಳಿದಿತ್ತ.”

ಅದು ಅಲ್ಲೇ ಇರಲಿ, ನಾಳೆ ಎರಡಕ್ಕೆ ಬರುತ್ತೇನೆ ಅನ್ನಬೇಕಿತ್ತು. “ಹೂಂನ್ರಿ” ಎಂದೆ. ಚೀಲ ಎತ್ತಿಕೊಂಡು ಹೊಸ್ತಿಲ ತನಕ ಬಂದೆ.

“ತಡಿ” ಎಂದು ಅಕ್ಕ ಒಳಗೆ ಹೋದಳು. ಮನಸ್ಸು ಬದಲಿಸಿದಳು ಅಂದುಕೊಂಡೆ. ರಿಮೋಟು ತೆಗೆಯಲೆಂದು ಚೀಲದೊಳಗೆ ಕೈ ಕೂಡ ಹಾಕಿದ್ದೆ.

ಅವಳು ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದಳು. ಮನೆಗೆ ಬಂದುಹೋಗುವ ಹೆಣ್ಣುಮಕ್ಕಳನ್ನು ಬರಿ ಹಣೆಯಲ್ಲಿ ಕಳಿಸಬಾರದು, ಕುಂಕುಮ ಹಚ್ಚಿ ಕಳಿಸಬೇಕು, ಇದು ನಮ್ಮ ಕಡೆಯ ರೀತಿ. ಓಣಿಯವರಿಗೆ, ಬೀಗರಿಗೆ, ಗುರುತಿದ್ದವರಿಗೆ ಹೀಗೆ ಹಚ್ಚಿ ಕಳಿಸುವುದನ್ನು ನಾನು ಹನ್ನೊಂದು ವರ್ಷ ಅವಳ ಬಾಜೂಕ್ಕೆ ನಿಂತು ನೋಡಿದ್ದೆ, ಎಷ್ಟೋ ಸಲ ಬಟ್ಟಲು ಹಿಡಿದವಳೇ ನಾನು. ಮನೆಯವರು ಹೊಸ್ತಿಲು ದಾಟುವಾಗ ಯಾರೂ ಹೀಗೆ ಹಚ್ಚುವುದಿಲ್ಲ.

ಅಕ್ಕ ಬೆರಳು ಅದ್ದಿ ನಿಂತಿದ್ದಳು. ನಾನು ಹಣೆ ಮುಂದೆ ಮಾಡಿದೆ.