ಐದನೇ ಡಬ್ಬಿ

ಬೈಲಹೊಂಗಲದ ರಾಚವ್ವ ಇಪ್ಪತ್ತಾರು ವರ್ಷ ಮನೆಗೆ ಎಣ್ಣೆ ಕೊಂಡಿರಲಿಲ್ಲ. ಹಾಗಂತ ಅವಳ ಒಗ್ಗರಣೆ ಎಂದೂ ಒಣಗಿರಲಿಲ್ಲ. ಆ ಮನೆಯ ಬಾಣಲೆಗೆ ಊರೂರಿನ ಸಂಭ್ರಮ ಬಂದು ಬೀಳುತ್ತಿತ್ತು. ಸವದತ್ತಿಯ ಮದುವೆಯ ಎಣ್ಣೆಯಲ್ಲಿ ಇವರ ಕಾರಹುಣ್ಣಿಮೆಯ ಕರಿಗಡಬು, ಕಿತ್ತೂರಿನ ವಾಸ್ತುಶಾಂತಿಯ ಎಣ್ಣೆಯಲ್ಲಿ ಪಂಚಮಿಯ ಚಕ್ಕುಲಿ, ತೊರಗಲ್ಲಿನ ಯಾವುದೋ ಬಸುರಿಯ ಕುಬಸದ ಎಣ್ಣೆಯಲ್ಲಿ ಗಂಡ ನಿಜಗುಣಪ್ಪನ ಮಿರ್ಚಿ ಭಜಿ.

ರಾಚವ್ವ ಅಡಿಗೆಯವಳು. ಮುನ್ನೂರು ಎಲೆಯಿಂದ ಎಂಟುನೂರು ಎಲೆಯವರೆಗೆ ಯಾವ ಕಾರ್ಯಕ್ಕೆ ಕರೆದರೂ, ರೊಟ್ಟಿ ಬಡಿಯುವ ಮುದಕವ್ವನನ್ನು ಜೊತೆಗೆ ಕರೆದುಕೊಂಡು ಹೊರಡುತ್ತಾಳೆ. ಈ ಕಸುಬಿಗೆ ಅವಳು ಬಂದದ್ದು ನಾದಿನಿಯ ಮದುವೆಯಲ್ಲಿ. ಗೊತ್ತು ಮಾಡಿದ್ದ ಅಡಿಗೆಯವನು ಕೈಕೊಟ್ಟ. ಮನೆಯ ಸೊಸೆ ನಾನೂರು ಜನಕ್ಕೆ ಗೋಧಿಹುಗ್ಗಿ ಕುದಿಸಿದಳು. ಉಂಡವರು ಹೊರಡುವಾಗ ಮಾವನ ಕೈ ಹಿಡಿದು, "ಅಡಗಿ ಭಾಳ ಚೊಲೊ ಮಾಡೀರಿ" ಎಂದರು. ಮಾವನೂ ತಾನೇ ಸೌಟು ಹಿಡಿದವನ ಹಾಗೆ ತಲೆಯಾಡಿಸಿದ. ರಾಚವ್ವ ಹಂಡೆಯ ತಳ ಕೆರೆಯುತ್ತ ಇದನ್ನು ಕೇಳಿಸಿಕೊಂಡಳು. ಮುಂದಿನ ತಿಂಗಳು ಪಕ್ಕದ ಓಣಿಯವರು ಅಡಿಗೆಗೆ ಕರೆದಾಗ, ಕೂಲಿ ಏನು ಕೊಡ್ತೀರಿ ಎಂದು ಮೊದಲು ಕೇಳಿ, ಆಮೇಲೆ ಸೆರಗು ಸಿಕ್ಕಿಸಿದಳು.

ಕೂಲಿಯ ಮೇಲೆ ಎಣ್ಣೆ. ಅದಕ್ಕೊಂದು ರೂಢಿಯಿತ್ತು. ಕಾರ್ಯ ಮುಗಿದ ಮೇಲೆ ಬಾಯಿ ಒಡೆಯದ ಡಬ್ಬಿಗಳನ್ನು ಅಂಗಡಿಯವನು ವಾಪಸ್ಸು ತೆಗೆದುಕೊಳ್ಳುತ್ತಾನೆ. ಒಡೆದದ್ದನ್ನು ಮುಟ್ಟುವುದಿಲ್ಲ. ಒಡೆದ ಡಬ್ಬಿಯನ್ನು ಮನೆಯವರು ಇಟ್ಟುಕೊಂಡರೂ ಇರುವೆ, ಜಿರಲೆ, ಧೂಳು. ಹೀಗಾಗಿ ಕಡೆಯ ಡಬ್ಬಿಯಲ್ಲಿ ಉಳಿದದ್ದು ಅಡಿಗೆಯವರದು. ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಆದರೆ ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಯಾರೂ ತಪ್ಪುತ್ತಿರಲಿಲ್ಲ.

ಡಬ್ಬಿ ಒಡೆಯುವುದು ಮಾತ್ರ ಗಂಡಸರ ಕೆಲಸ. ರಾಚವ್ವ ಒಲೆಯ ಮುಂದಿನಿಂದ, "ಡಬ್ಬಿ ಒಡೀರೆಪಾ!" ಎಂದು ಕೂಗಿದರೆ ಸಾಕು, ಅಲ್ಲಿಯವರೆಗೆ ಒಂದು ಕೊಡ ನೀರು ಎತ್ತದವರೂ ಎದ್ದು ಬರುತ್ತಿದ್ದರು. ಒಬ್ಬನ ಕೈಯಲ್ಲಿ ಸ್ಕ್ರೂಡ್ರೈವರ್, ಒಬ್ಬನ ಕೈಯಲ್ಲಿ ಕಲ್ಲು, ಉಳಿದಿಬ್ಬರ ಬಾಯಲ್ಲಿ ಸಲಹೆ. ಮೂಲೆಗೆ ಒಂದು ತೂತು, ಗಾಳಿಗೆ ಎದುರಿನ ಮೂಲೆಗೆ ಇನ್ನೊಂದು ತೂತು. ಢಣಾ ಢಣಾ ಸದ್ದಿಗೆ ಚಪ್ಪರದ ಮಂದಿಯೆಲ್ಲ ತಿರುಗಿ ನೋಡುತ್ತಿದ್ದರು. ಒಡೆದವನು ಕೈ ಝಾಡಿಸಿಕೊಂಡು ಚಹಾಕ್ಕೆ ಹೋದ ಮೇಲೆ ಉಳಿಯುತ್ತಿದ್ದದ್ದು ಹಲ್ಲು ಕಿರಿದ ತಗಡು, ಎಣ್ಣೆಯಲ್ಲಿ ಬಿದ್ದ ಬಣ್ಣದ ಚೂರು, ಅಂಚಿನಿಂದ ಸೋರುವ ಜಿಡ್ಡು. ರಾಚವ್ವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಇಂಥ ತಗಡು ಕೊಯ್ದ ಮೂರು ಗೆರೆಗಳಿವೆ.

ಮುಚ್ಚುವುದು ಮುದಕವ್ವನ ಪಾಲಿಗೆ. ಅವಳ ಚೀಲದಲ್ಲಿ ಸದಾ ಗೋವಿನಜೋಳದ ಒಣ ದಿಂಡುಗಳಿರುತ್ತಿದ್ದವು. ಕಾಳು ಉದುರಿಸಿದ ದಿಂಡನ್ನು ತೂತಿಗೆ ಒತ್ತಿ ಕೂರಿಸಿ, ಮೇಲೆ ಅರಿವೆ ಸುತ್ತಿ ಹುರಿಯಿಂದ ಬಿಗಿಯುತ್ತಿದ್ದಳು. ಆ ಡಬ್ಬಿಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಸ್ಸಿನಲ್ಲಿ ಬರುವುದು ರಾಚವ್ವನ ಪಾಲಿಗೆ. ಒಮ್ಮೆ ರಾಮದುರ್ಗದಿಂದ ಬರುವಾಗ ಡ್ರೈವರ್ ಅಡ್ಡ ಬಂದ ಎಮ್ಮೆಗೆ ಬ್ರೇಕ್ ಹಾಕಿದ. ದಿಂಡು ಹಾರಿ, ಮುಂದೆ ಕುಳಿತಿದ್ದ ಒಬ್ಬ ಮಾಸ್ತರರ ಬೂಟಿನೊಳಗೆ ಅರ್ಧ ಕಿಲೊ ಕುಸುಬೆಣ್ಣೆ ಇಳಿಯಿತು. "ನಡ್ಯಾಕ ಹಗೂರ ಆತಿರಿ, ಸರ" ಎಂದಳು ಮುದಕವ್ವ. ಮಾಸ್ತರರು ನಗಲಿಲ್ಲ.

ಇಷ್ಟಾದರೂ ಮನೆಗೆ ಬಂದ ಡಬ್ಬಿಯ ಹೆಸರು ನಿಜಗುಣಪ್ಪನಿಗೇ ಹೋಗುತ್ತಿತ್ತು. "ನಮ್ಮನ್ಯಾಗ ಎಣ್ಣಿ ಕೊಳ್ಳೂ ಪದ್ಧತಿನ ಇಲ್ಲ ನೋಡ್ರಿ" ಎಂದು ಕಟ್ಟೆಯ ಮೇಲೆ ಕೂತು ಹೇಳುವನು, ಮನೆಯ ಹಿಂದೆ ಗಾಣ ಇದ್ದವರ ಹಾಗೆ.

ಒಂದು ಸಂಗತಿ ಮಾತ್ರ ನಿಜಗುಣಪ್ಪನಿಗೂ ಗೊತ್ತಿರಲಿಲ್ಲ, ರಾಚವ್ವನನ್ನು ಬಿಟ್ಟರೆ ಮುದಕವ್ವನಿಗೆ ಗೊತ್ತಿತ್ತು. ಕಡೆಯ ಡಬ್ಬಿಯನ್ನು ಯಾವಾಗ ಒಡೆಸಬೇಕು ಎನ್ನುವುದೇ ಒಂದು ವಿದ್ಯೆ. ತಡವಾದರೆ ಹಿಂದಿನ ಡಬ್ಬಿಯಲ್ಲೇ ಅಡಿಗೆ ಮುಗಿದುಹೋಗುತ್ತದೆ. ಬೇಗ ಒಡೆಸಿದರೆ ಮನೆಯವರ ಕಣ್ಣಿಗೆ ಬೀಳುತ್ತದೆ. ನಾಲ್ಕನೆಯದರಲ್ಲಿ ಇನ್ನೂ ಒಂದು ಬಾಣಲೆಯಷ್ಟು ಇರುವಾಗ, ಮನೆಯ ಯಜಮಾನರು ಬೀಗರ ಮಾತಿಗೆ ಸಿಕ್ಕಿಬಿದ್ದಿರುವ ಗಳಿಗೆ ನೋಡಿ, "ಐದನೇದು ಒಡೀರೆಪಾ!" ಎಂದು ಕೂಗಬೇಕು. ಇಪ್ಪತ್ತಾರು ವರ್ಷದಲ್ಲಿ ರಾಚವ್ವ ಒಮ್ಮೆಯೂ ಗಳಿಗೆ ತಪ್ಪಿರಲಿಲ್ಲ.

ಲೆಕ್ಕ ತಪ್ಪಿದ್ದು ಮುರಗೋಡದಲ್ಲಿ. ಹೋದ ವರ್ಷ ದೀಪಾವಳಿ ಮುಗಿದ ವಾರ, ಬಸವಲಿಂಗ ಎಂಬ ದೊಡ್ಡ ಹಿಡುವಳಿಯವರ ಮಗಳ ಕುಬಸ. ಐದು ಡಬ್ಬಿ ಎಣ್ಣೆ ಬಂದಿತ್ತು. ಮೊದಲ ಡಬ್ಬಿಗೆ ರಾಚವ್ವ ಕೂಗಿದಳು, ನಾಲ್ವರು ಗಂಡಸರು ಕಲ್ಲು ಹಿಡಿದು ಬಂದರು. ಅಷ್ಟರಲ್ಲಿ ಮನೆಯ ಸೊಸೆ ಶೈಲಜಾ ಒಳಗಿನಿಂದ ಬೆರಳುದ್ದದ ಒಂದು ಸ್ಟೀಲಿನ ಸಾಮಾನು ತಂದಳು. ಕೆಳಗೆ ಚೂಪು, ಸುತ್ತ ಸ್ಕ್ರೂವಿನ ಎಳೆ, ಮೇಲೆ ಅಡ್ಡ ಹಿಡಿ.

"ಸರೀರಿ ಕಾಕಾ" ಎಂದು ಡಬ್ಬಿಯ ಮೇಲೆ ಅದನ್ನು ನೆಟ್ಟು ತಿರುವತೊಡಗಿದಳು. ಸದ್ದೇ ಇಲ್ಲ. ತಗಡನ್ನು ಕೊರೆದುಕೊಂಡು ಅದು ಒಳಗಿಳಿಯಿತು. ಹಿಡಿ ಬಿಚ್ಚಿದರೆ ಡಬ್ಬಿಯ ಮೇಲೆ ಸಣ್ಣದೊಂದು ನಳಿಕೆ ನಿಂತಿತ್ತು. ಬಗ್ಗಿಸಿದರೆ ಬುಡುಬುಡು ಎನ್ನದೆ ಎಣ್ಣೆ ನೂಲಿನಂತೆ ಇಳಿಯಿತು. ಗಾಳಿಗೆ ಅದರೊಳಗೇ ಇನ್ನೊಂದು ದಾರಿ ಇತ್ತಂತೆ. ನಾಲ್ವರು ಗಂಡಸರು ಕಲ್ಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತರು.

"ಎಲ್ಲಿ ಸಿಕ್ತವಾ ಇದು?" ರಾಚವ್ವ ನಳಿಕೆಯ ಅಂಚನ್ನು ಬೆರಳಿನಿಂದ ಸವರಿದಳು. ಚುಚ್ಚಲಿಲ್ಲ.

"ಫೋನಿನಾಗ ತರಿಸಿದೆ ಕಾಕು."

ಬಂಗಾರದಂಥ ಸಾಮಾನು ಎಂದುಕೊಂಡಳು ರಾಚವ್ವ. ಆ ಖುಷಿ ಸಂಜೆಯವರೆಗೆ ಇತ್ತು. ಐದನೇ ಡಬ್ಬಿಯನ್ನೂ ಅದರಿಂದಲೇ, ಸರಿಯಾದ ಗಳಿಗೆಗೇ ಒಡೆಸಿದ್ದಳು, ಮುಕ್ಕಾಲು ಪಾಲು ಉಳಿದಿತ್ತು. ಮುದಕವ್ವ ಚೀಲದಿಂದ ದಿಂಡು ತೆಗೆದಳು. ಶೈಲಜಾ ರಬ್ಬರಿದ್ದ ಮುಚ್ಚಳ ತಂದು ನಳಿಕೆಗೆ ತಿರುವಿ, ಎಲ್ಲರೂ ನೋಡಲೆಂದು ಡಬ್ಬಿಯನ್ನೇ ನೆಲಕ್ಕೆ ಅಡ್ಡ ಮಲಗಿಸಿದಳು. ಒಂದು ಹನಿಯೂ ಹೊರಗೆ ಬರಲಿಲ್ಲ.

"ಭಲೇ!" ಎಂದರು ಬಸವಲಿಂಗ. "ಹಂಗಾರ ಒಳಗ ಇಡವಾ. ಮತ್ತೊಂದ್ ಹೊಳ್ಳಿ ತರೂದು ತಪ್ಪಿತು."

ಮುದಕವ್ವನ ಕೈಯಲ್ಲಿ ದಿಂಡು ಹಾಗೇ ಉಳಿಯಿತು.

"ಬಸವಲಿಂಗಣ್ಣಾರ, ಒಡದ ಡಬ್ಬಿ ಅಡಗಿಯವರದಲ್ರಿ?" ಎಂದಳು ರಾಚವ್ವ.

"ಅಲ್ಲ ರಾಚಕ್ಕಾ, ಅದು ಮುಚ್ಚಾಕ ಬರ್ತಿರಲಿಲ್ಲಂತ ಕೊಡತಿದ್ವಿ. ಈಗ ಮುಚ್ಚಾಕ ಬರತೈತಲ್ರಿ?"

ಮಾತಿನಲ್ಲಿ ತಪ್ಪು ಹುಡುಕಲು ಹೋದರೆ ಸಿಗಲಿಲ್ಲ. ಅದೇ ಅವಳಿಗೆ ನಾಟಿತು. ಇಷ್ಟು ವರ್ಷ ತನ್ನ ಕೈರುಚಿಗೆ ಕೊಟ್ಟ ಮರ್ಯಾದೆ ಎಂದುಕೊಂಡದ್ದು ಬರೀ ತಗಡಿನ ತೂತಿಗೆ ಕೊಟ್ಟದ್ದಾಗಿತ್ತೆ?

ಹಿತ್ತಲಲ್ಲಿ ಸೌಟು ತೊಳೆಯುವಾಗ ಶೈಲಜಾ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಕಾಕು, ನಿಮ್ಮ ಎಣ್ಣಿ ಕಸಗೋಬೇಕಂತ ತರಿಸಿದ್ದಲ್ರಿ ಅದು. ತಿಂಗಳಾ ತಿಂಗಳಾ ಮಾವಾರು ಡಬ್ಬಿ ಒಡದು ಹೋಗ್ತಾರ. ಅವರಿಗೆ ಒಂದ್ ಗಳಿಗಿ ಕೆಲಸ. ಅರಿವಿ ಕಟ್ಟೂದು, ಇರುವಿ ಆರಿಸೂದು, ಜಿಡ್ಡ ತಿಕ್ಕೂದು ನನಗ ತಿಂಗಳತನಕಾ. ಸಾಕಾಗಿತ್ತು ನೋಡ್ರಿ." ದನಿ ತಗ್ಗಿಸಿ, "ಒಂದ್ ಕ್ಯಾನಿಗೆ ಹಾಕಿ ಹಿತ್ತಲ ಬಾಗಲದಿಂದ ಕೊಡ್ಲೇನ್ರಿ?" ಎಂದಳು.

"ಬ್ಯಾಡ ತಂಗಿ" ಎಂದಳು ರಾಚವ್ವ. "ಮುಂದಿನ ಬಾಗಲದಿಂದ ಒಯ್ದು ರೂಢಿ ನನಗ."

ಆ ರಾತ್ರಿ ಬಸ್ಸಿನಲ್ಲಿ ಅವಳ ತೊಡೆ ಖಾಲಿ ಇತ್ತು. "ಹಗೂರ ಅನಸ್ತೈತೇನ?" ಎಂದು ಕೇಳಿದಳು ಮುದಕವ್ವ. "ಸುಮ್ನಿರ ಬೇ" ಎಂದಳು ರಾಚವ್ವ.

ಮೂರು ತಿಂಗಳಲ್ಲಿ ಆ ಸ್ಟೀಲಿನ ನಳಿಕೆ ಸವದತ್ತಿಯ ಒಂದು ಮನೆಯಲ್ಲಿ, ಕಿತ್ತೂರಿನ ಎರಡು ಮನೆಗಳಲ್ಲಿ ಕಂಡಿತು. ರಾಚವ್ವ ಮೊಟ್ಟಮೊದಲ ಬಾರಿಗೆ ಎಣ್ಣೆ ಕೊಳ್ಳಲು ಕಿರಾಣಿ ಅಂಗಡಿಗೆ ಹೋದಳು. "ಯಾವ ಎಣ್ಣಿ ಕೊಡ್ಲಿರಿ?" ಎಂದರೆ ಅವಳಿಗೆ ಪಾಕೀಟುಗಳ ಹೆಸರು ಗೊತ್ತಿಲ್ಲ. ಎಂಟುನೂರು ಎಲೆಗೆ ಬಾಣಲೆ ಕಾಯಿಸಿದವಳು ಬೆರಳು ತೋರಿಸಿ ಒಂದು ಪಾಕೀಟು ತಂದಳು. ಅದನ್ನು ನೋಡಿ ನಿಜಗುಣಪ್ಪ, "ಪಾಕೀಟಾ?" ಎಂದ, ಮನೆಗೆ ಪರಕೀಯರು ಬಂದ ಹಾಗೆ. ಕಟ್ಟೆಯ ಮೇಲಿನ ಮಾತು ನಿಂತಿತು. ಭಜಿಯೂ ವಾರಕ್ಕೊಮ್ಮೆಗೆ ಇಳಿಯಿತು.

ಇನ್ನು ಹೀಗೇ ನಡೆದರೆ ಎಣ್ಣೆಯ ಜೊತೆಗೆ ತನ್ನ ಮಾತಿನ ಬೆಲೆಯೂ ಹೋಗುತ್ತದೆ ಎಂದು ರಾಚವ್ವನಿಗೆ ಅನ್ನಿಸಿತು. ಒಂದು ಮನೆಯಲ್ಲಿ ಕೊಟ್ಟರೆ ಉಪಕಾರ, ಇನ್ನೊಂದರಲ್ಲಿ ಕೊಡದಿದ್ದರೆ ಕೇಳುವಂತಿಲ್ಲ. ಹೀಗೆ ಅವರಿವರ ಕೈ ನೋಡುವುದು ಅವಳಿಂದಾಗದು.

ಮಹಾಶಿವರಾತ್ರಿ ಕಳೆದ ಮೇಲೆ ಬಸವಲಿಂಗ ಎಲೆಯಡಿಕೆ, ತೆಂಗಿನಕಾಯಿ ಹಿಡಿದುಕೊಂಡು ತಾವೇ ಬಂದರು. ಮೊಮ್ಮಗಳು ಹುಟ್ಟಿದ್ದಳು, ತೊಟ್ಟಿಲ ಕಾರ್ಯ. ಜೊತೆಗೆ ಶೈಲಜಾ, ಯಾದಿ ಬರೆದುಕೊಳ್ಳಲು. ಸಾಮಾನಿನ ಯಾದಿ ಹೇಳುವುದು ಯಾವತ್ತೂ ಅಡಿಗೆಯವರೇ. ಚಹಾ ಆಯಿತು. ರಾಚವ್ವ ಗೋಡೆಗೆ ಒರಗಿ ಹೇಳುತ್ತ ಹೋದಳು. ಅರಿಷಿಣ, ಗೋಧಿ, ಬೆಲ್ಲ, ಬದನೆಕಾಯಿ, ಹಸಿಮೆಣಸಿನಕಾಯಿ.

"ಎಣ್ಣಿ ಐದು ಡಬ್ಬಿ, ಹೌದಿಲ್ರಿ?" ಎಂದಳು ಶೈಲಜಾ.

"ಎಣ್ಣಿ ನಾಕು. ಅದರ ಕೆಳಗ ಬರಿಯವಾ: ಅಡಗಿಯವರಿಗೆ ಒಂದು ಡಬ್ಬಿ, ಬಾಯಿ ಒಡೀದದ್ದು."

ಬಸವಲಿಂಗ ಕಪ್ಪು ಕೆಳಗಿಟ್ಟರು. "ಪೂರಾ ಡಬ್ಬಿ? ಉಳದದ್ದು ಒಯ್ಯೂದು ಬ್ಯಾರೆ ರಾಚಕ್ಕಾ, ಇದ್ಯಾವ ನಮೂನಿ?"

"ಇಲ್ಲಿತನಕಾ ಉಳದದ್ದು ಒಯ್ದೆ. ಉಳೀತದೋ ಇಲ್ಲೋ ಅಂತ ಕಾಯೂದು ಸಾಕಾತು. ಇನ್ನ ಕೂಲಿ ಒಯ್ತೇನಿ."

"ಮತ್ತ ನಾಕರಾಗ ಅಡಗಿ ಹ್ಯಾಂಗ ಆಕ್ಕೈತಿ? ಯಾವತ್ತೂ ಐದು ಬೇಕಂತಿದ್ರಿ."

ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಮುದಕವ್ವನ ಕೈ ನಿಂತಿತು. ಹೇಳಬೇಡ ಎಂದು ಕಣ್ಣಲ್ಲೇ ಅಂದಳು. ಹೇಳಿಬಿಟ್ಟರೆ ಈ ಮನೆಯಷ್ಟೇ ಅಲ್ಲ, ನಾಲ್ಕೂ ತಾಲೂಕಿನ ಮನೆಗಳು ಹೋದರೂ ಹೋದವೇ. ರಾಚವ್ವ ಗೋಡೆ ಬಿಟ್ಟು ನೆಟ್ಟಗಾದಳು.

"ಐದು ಬೇಕಾಗಿರಲಿಲ್ರಿ ಅಣ್ಣಾರ. ನಾಕರಾಗ ಮುಗೀತಿತ್ತು. ನಾಕನೇದರಾಗ ಒಂದ್ ಬುಟ್ಟಿ ಭಜಿ ಕರಿಯೂವಷ್ಟು ಇರೂವಾಗ ಐದನೇದು ಒಡಸ್ತಿದ್ದೆ. ನೀವು ಬೀಗರ ಕೂಡ ಮಾತಾಡೂದನ್ನ ನೋಡಿ ಒಡಸ್ತಿದ್ದೆ."

ನಿಜಗುಣಪ್ಪ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ.

"ಇಪ್ಪತ್ತಾರು ವರ್ಷ?" ಎಂದರು ಬಸವಲಿಂಗ.

"ಇಪ್ಪತ್ತಾರು ವರ್ಷ. ಯಾಕಂದ್ರ ಕೇಳಿ ಇಸಗೊಳ್ಳೂ ಧೈರ್ಯ ಇರಲಿಲ್ಲ, ತಿಳಿಲಾರದಂಗ ಉಳಸ್ತಿದ್ದೆ. ಈಗ ಕೇಳಾಕತ್ತೇನಿ. ನಿಮಗ ಆಗ ಐದು ಹೋಗತಿತ್ತು, ಈಗೂ ಐದಽ ಹೋಗತೈತಿ. ಬ್ಯಾಡಂದ್ರ ಬ್ಯಾರೆಯವರನ್ನ ಕರೀರಿ. ಅವರು ಐದನೇದು ಯಾವಾಗ ಒಡಸ್ತಾರಂತ ಮಾತ್ರ ಕಣ್ಣಿಟ್ಟು ನೋಡ್ರಿ."

ಶೈಲಜಾ ಯಾದಿಯ ಮೇಲೆ ಬಗ್ಗಿದಳು, ನಗೆಗೆ ಹೆಗಲು ಕುಲುಕುತ್ತಿತ್ತು. ಬಸವಲಿಂಗ ಕಪ್ಪಿನ ತಳ ನೋಡಿದರು. ಹತ್ತು ಕಾರ್ಯಗಳಲ್ಲಿ ಹತ್ತು ಬೀಗರ ಮಾತಿಗೆ ತಾವು ಸಿಕ್ಕಿಬಿದ್ದ ಗಳಿಗೆಗಳು ನೆನಪಾದವೋ ಏನೋ, ಕಡೆಗೆ ಅವರ ಮೀಸೆಯೂ ಅಲುಗಿತು. "ಬರಿಯವಾ" ಎಂದರು. "ಬಾಯಿ ಒಡೀದದ್ದು ಅಂತನಽ ಬರಿ. ಇಕೀ ಹುಗ್ಗಿ ಬಿಟ್ಟು ಇನ್ನ್ಯಾರನ್ನ ಕರಿಯೂದು."

ತೊಟ್ಟಿಲ ಕಾರ್ಯ ಮುಗಿಸಿ ಬರುವಾಗ ತುಂಬಿದ ಡಬ್ಬಿ ಬಸ್ಸು ಹತ್ತಿತು. ದಿಂಡಿಲ್ಲ, ಅರಿವೆಯಿಲ್ಲ. ಕಂಡಕ್ಟರ್ ಬಂದ. "ನಿಮಗ ಫ್ರೀ ರೀ ಯವ್ವಾ, ಡಬ್ಬಿಗೆ ಚೀಟಿ ತಗೋಬೇಕು."

"ಯಾಕಪಾ, ಡಬ್ಬಿ ಗಂಡಸೇನು?" ಎಂದಳು ಮುದಕವ್ವ.

"ಕೂತಲ್ಲೆ ಕೂತೈತಲ್ರಿ, ಗಂಡಸಽ ಇರಬೇಕು" ಎಂದ ಅವನು. ಬಸ್ಸಿನ ಹೆಂಗಸರೆಲ್ಲ ನಕ್ಕರು. ರಾಚವ್ವ ನಗುತ್ತಲೇ ಚೀಟಿ ತೆಗೆದುಕೊಂಡಳು.

ಮನೆಯಲ್ಲಿ ನಿಜಗುಣಪ್ಪ ಆಗಲೇ ಸ್ಕ್ರೂಡ್ರೈವರ್ ಹುಡುಕಿ ತೋಳು ಮಡಚಿ ನಿಂತಿದ್ದ. ರಾಚವ್ವ ಚೀಲದಿಂದ, ಶೈಲಜಾಗೆ ಹೇಳಿ ತನಗೂ ಒಂದು ತರಿಸಿಕೊಂಡಿದ್ದ ಸ್ಟೀಲಿನ ಸಾಮಾನು ತೆಗೆದಳು. ನೆಟ್ಟು ತಿರುವಿದಳು. ಸದ್ದಿಲ್ಲದೆ ಬಾಯಿ ತೆರೆಯಿತು. ಬಾಣಲೆಗೆ ಎಣ್ಣೆ ಬಗ್ಗಿಸಿಕೊಂಡು, ಮುಚ್ಚಳವನ್ನು ಗಂಡನ ಕೈಗೆ ಕೊಟ್ಟಳು.

"ತಗೋರಿ. ಮುಚ್ಚೂದು ನಿಮ್ಮ ಪಾಳಿ."

"ನಾನಾ? ಎತ್ತಾಗ ತಿರವೂದು?"

"ಬಲಕ್ಕ."

ಅವನು ಎಡಕ್ಕೆ ತಿರುವಿದ. ಮುಚ್ಚಳ ಜಾರಿ ಉರುಳುತ್ತ ಕಪಾಟಿನ ಅಡಿಗೆ ಹೋಯಿತು. ನಿಜಗುಣಪ್ಪ ಮಂಡಿಯೂರಿ, ಕೈ ಒಳಗೆ ಚಾಚಿ, ಜೇಡರ ಬಲೆಯೊಡನೆ ಅದನ್ನು ಎಳೆದು ತಂದು ತೊಳೆದು, ಮೂರನೆಯ ಸಲಕ್ಕೆ ಹೇಗೋ ಕೂರಿಸಿದ. ಹಣೆಯ ಮೇಲೆ ಬೆವರು.

"ಒಂದ್ ಡಬ್ಬಿ ಮುಚ್ಚಾಕ ಇಷ್ಟೆಲ್ಲ ಕೆಲಸ ಐತೇನ ಮಾರಾಯ್ತಿ?"

ರಾಚವ್ವ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಕಾದ ಎಣ್ಣೆಗೆ ಬಿಟ್ಟಳು. "ಇನ್ನೂ ಒರಸೂದು ಐತಿ" ಎಂದಳು.