ಕಡಲ ತಳಕ್ಕೆ ಬರುವ ದೋಣಿ

ಬೇರೆ ದೇಶದ ಸಬ್‌ಮರೀನ್ ಒಂದು ಮುಳುಗಿ, ಒಳಗಿದ್ದವರು ಒಬ್ಬರೂ ಉಳಿಯಲಿಲ್ಲ ಎಂಬ ಸುದ್ದಿಯನ್ನು ಅವ್ವ ಟಿವಿಯಲ್ಲಿ ನೋಡಿದಳು. ಆಗ ನಾನು ರಜೆಯ ಮೇಲೆ ಕುದಾಪುರದ ಹತ್ತಿರದ ನಮ್ಮ ಹಟ್ಟಿಗೆ ಬಂದಿದ್ದೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ನೌಕಾಪಡೆ ಸೇರಿದವನು ನಾನು. ನನ್ನ ಕೆಲಸವೂ ಸಬ್‌ಮರೀನಿನಲ್ಲೇ. ಅವ್ವ ಎದ್ದು ಹೋಗಿ ನನ್ನ ಬ್ಯಾಗನ್ನು ಅಟ್ಟಕ್ಕೇರಿಸಿದಳು.

"ನೀನು ಹೋಗಬ್ಯಾಡ. ಕುರಿ ತಪ್ಪಿಸ್ಕಂಡ್ರೆ ಅಡವ್ಯಾಗೆ ಹುಡುಕಬೋದು. ನೀರಾಗೆ ನಿನ್ನ ಯಾರು ಹುಡುಕ್ತಾರೆ?"

"ಅದಕ್ಕೇ ಒಂದು ದೋಣಿ ಐತೆ ಕಣವ್ವ. ಹಡಗಿನಿಂದ ಕೆಳಕ್ಕೆ ಇಳಿಸ್ತಾರೆ. ತಳಕ್ಕೆ ಬಂದು ನಮ್ಮ ಬಾಗಿಲ ಮ್ಯಾಲೆ ಕೂತ್ಕಂತದೆ. ನಡುವಿನ ನೀರು ತೆಗೆದ್ರೆ ಗಟ್ಟಿಯಾಗಿ ಅಂಟ್ಕಂತದೆ. ಬಾಗಿಲು ತೆಗೆದು ನಾವು ಹತ್ತೋದು."

ಅವ್ವ ನಂಬಲಿಲ್ಲ. ಸ್ಟೀಲ್ ಲೋಟವನ್ನು ಬಾಯಿಗೆ ಕವುಚಿಟ್ಟು ಗಾಳಿ ಎಳೆದುಕೊಂಡೆ. ಕೈಬಿಟ್ಟರೂ ಅದು ಬೀಳಲಿಲ್ಲ. ಅವ್ವ ನಕ್ಕಳು, ಬ್ಯಾಗನ್ನು ಮಾತ್ರ ಇಳಿಸಲಿಲ್ಲ. ನಾನೇ ಇಳಿಸಿಕೊಂಡು ಹೊರಟೆ.

ಆ ದೋಣಿಯನ್ನು ನಾನೂ ಅಲ್ಲಿಯವರೆಗೆ ಹತ್ತಿರದಿಂದ ಕಂಡಿರಲಿಲ್ಲ. ಕೆಲವು ತಿಂಗಳ ನಂತರ ಅಭ್ಯಾಸಕ್ಕೆಂದು ನಮ್ಮ ಸಬ್‌ಮರೀನನ್ನು ಕಡಲ ತಳದಲ್ಲಿ ಕೂರಿಸಿದರು. ಯಂತ್ರಗಳೆಲ್ಲ ಸುಮ್ಮನಾದವು. ಕಾಯುತ್ತಾ ಕೂತೆವು. ಅಭ್ಯಾಸವೆಂದು ಗೊತ್ತಿದ್ದರೂ ಎಲ್ಲರ ಕಣ್ಣೂ ಮೇಲಿನ ಬಾಗಿಲ ಮೇಲೇ ಇತ್ತು. ಆಮೇಲೆ ತಲೆಯ ಮೇಲೆ ಏನೋ ಮೆಲ್ಲಗೆ ತಾಗಿತು. ಪಂಪಿನ ಸದ್ದು ಬಂದು ನಿಂತಿತು. ಹೊರಗಿನಿಂದ ಯಾರೋ ಬಾಗಿಲು ಬಡಿದರು.

ಸಮುದ್ರದ ತಳದಲ್ಲಿ ಬಾಗಿಲು ಬಡಿಯುವುದೆಂದರೆ! ನನ್ನ ಪಕ್ಕದಲ್ಲಿದ್ದವನು ಕಣ್ಣೊರೆಸಿಕೊಂಡ. ಬಾಗಿಲು ತೆರೆದಾಗ ನಾಲ್ಕು ಹನಿ ತಣ್ಣೀರು ಮುಖಕ್ಕೆ ಬಿತ್ತು. ಮೇಲಿನಿಂದ ಒಬ್ಬ ಬಗ್ಗಿ ನೋಡಿ, ಬಸ್ಸಿನ ಕಂಡಕ್ಟರನ ಹಾಗೆ, "ಬನ್ನಿ, ಬನ್ನಿ, ಜಾಗ ಇದೆ" ಎಂದು ಹಿಂದಿಯಲ್ಲಿ ಕರೆದ. ಏಣಿ ಹತ್ತಿ ಅವನ ಪಕ್ಕ ಕೂತೆ.

ದಡಕ್ಕೆ ಬಂದವನೇ ಮನೆಗೆ ಫೋನ್ ಮಾಡಿದೆ. ಅವ್ವ ಎಲ್ಲ ಕೇಳಿಸಿಕೊಂಡು, "ಆ ದೋಣಿ ನಡೆಸೋನು ಯಾರ ಮಗನೋ, ತಣ್ಣಗಿರ್ಲಿ" ಅಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಆ ತಂಡಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿಕೊಂಡೆ. ತರಬೇತಿ ಮುಗಿದು ಈಗ ನಾನೂ ಆ ದೋಣಿಯನ್ನು ನಡೆಸುತ್ತೇನೆ.

ಹೋದ ರಜೆಯಲ್ಲಿ ಅವ್ವನ ಜೊತೆ ಚಳ್ಳಕೆರೆ ಸಂತೆಗೆ ಹೋಗಿದ್ದೆ. ಪರಿಚಯದ ಹೆಂಗಸೊಬ್ಬಳು, "ನಿಮ್ಮ ಮಗ ಏನು ಕೆಲಸ ಮಾಡ್ತಾನೆ?" ಎಂದು ಅವ್ವನನ್ನು ಕೇಳಿದಳು.

"ಮುಳುಗಿದೋರ್ನ ಮ್ಯಾಲಕ್ಕೆ ತರ್ತಾನೆ."

"ಅಭ್ಯಾಸ ಬಿಟ್ಟರೆ ಇನ್ನೂ ಯಾರನ್ನೂ ತಂದಿಲ್ಲ ಕಣವ್ವ," ಅಂದೆ.

"ಅಂಥ ದಿನ ಬರದೇ ಇರ್ಲಿ," ಎನ್ನುತ್ತಾ ಅವ್ವ ಈರುಳ್ಳಿ ಆರಿಸತೊಡಗಿದಳು. "ಬಂದ್ರೆ ನೀನಿದ್ದೀಯಲ್ಲ."